ಸಿದ್ದೂಗ ಯಾವ ಪುಸ್ತಕ ಕೊಡೋಣು?

ಮೊಬೈಲ್ ರಿಪೇರಿ ಮಾಡೋ ಸಿದ್ದು, "ಏನರೇ ಒಂದು ಪುಸ್ತಕ ಓದಬೇಕಂತ ಮಾಡೀನ್ರಿ, ಯಾವ್ದು ಓದ್ಲಿ?" ಅಂದದ್ದೇ ತಪ್ಪಾತು. ವಿಜಯಪುರದ ಗಾಂಧಿ ಚೌಕಿನ ಹತ್ರ ಚಹಾದಂಗಡಿ ಬೆಂಚಿನ ಮ್ಯಾಲ ಕುಂತ ನಾಲ್ಕೂ ಮಂದಿ ಒಮ್ಮೆಲೇ ಅವನ ಕಡೆ ತಿರುಗಿದರು. ಬಿಟ್ಟೂಬಿಡದೆ ಓದಿದವರ ನಡುವೆ ಇಂಥ ಪ್ರಶ್ನಿ ಒಗಿಯೋ ಮುಂಚೆ ಮನಿಗೆ ಫೋನ್ ಮಾಡಿ, ಊಟಕ್ಕ ತಡಾ ಆಗ್ತೈತಿ ಅಂತ ಹೇಳಿರಬೇಕು.

"ಭೈರಪ್ಪನವರ ಪರ್ವ!" ಅಂದ ಈರಣ್ಣ. ಯಾರು ಏನು ಕೇಳಿದರೂ ಈರಣ್ಣನ ಉತ್ತರ ಪರ್ವನೇ. ಹೊಟ್ಟಿನೋವು ಅಂದವರಿಗೂ ಅದನ್ನೇ ಬರೆದು ಕೊಟ್ಟಾನು.

"ಏ ಈರಣ್ಣ, ಹುಡುಗ ಈಗಷ್ಟೇ ಬಂದಾನ, ಓಡಿಸಬ್ಯಾಡ," ಅಂದರು ಗುರುಪಾದ ಕಾಕಾ. ಗ್ರಂಥಾಲಯದ ನೌಕರಿಯಿಂದ ನಿವೃತ್ತರಾದವರು, ದನಿ ಇನ್ನೂ ಅಲ್ಲಿಂದೇ, ಸಣ್ಣದು. "ಮಹಾಭಾರತದ ಕತೀನೇ ಕಾದಂಬರಿ ಮಾಡ್ಯಾರ, ಆದ್ರ ಆ ಪುಸ್ತಕ ತೆಗದ್ರ ಮೊದಲ ಬರೋದು ಮದ್ರದೇಶ. ಮುದುಕ ಶಲ್ಯರಾಜ, ಮೊಮ್ಮಗಳ ಲಗ್ನದ ಚಿಂತಿ, ಕನ್ಯಾಶುಲ್ಕದ ಮಾತು. ಟಿವಿಯೊಳಗ ಮಹಾಭಾರತ ನೋಡಿದಾಂವ 'ಅರ್ಜುನ ಎಲ್ಲದಾನ್ರೀ, ಬಾಣಕ್ಕ ಬಾಣ ಯಾವಾಗ ಡಿಕ್ಕಿ ಹೊಡಿತಾವ' ಅಂತ ಕಾಯ್ತಾನ. ಪವಾಡ ಒಂದೂ ಇಲ್ಲ. ಒಬ್ಬೊಬ್ಬರೇ ಕುಂತು ಹಿಂದಿಂದು ನೆನಸ್ತಾರ. ಅದೇ ಅದರ ದೊಡ್ಡಸ್ತನ. ಆದ್ರ ಆ ದೊಡ್ಡಸ್ತನ ಕಾಣಬೇಕಾದ್ರ ಮುಂಚೆ ನಾಕಾರು ಪುಸ್ತಕ ಓದಿದ ಕಣ್ಣು ಬೇಕು."

"1979ರಾಗ ಬಂದದ್ದು, ಇನ್ನೂ ಮರುಮುದ್ರಣ ಆಗ್ತದ ಕಾಕಾ. ಸುಮ್ಮನೇ ಆಗ್ತದೇನು?"

"ಆಗ್ತೈತಿ, ಖರೆ," ಅಂದ ರಫೀಕ್. ಹಳೇ ಪುಸ್ತಕದ ವ್ಯಾಪಾರ, ಬೈಂಡಿಂಗ್ ಕೆಲಸ ಎರಡೂ ಅವನದು. "ಆದ್ರ ದಪ್ಪ ಪುಸ್ತಕ ನನ್ನ ಅಂಗಡಿಗೆ ವಾಪಸ್ ಬಂದಾಗ ಅಂಚು ನೋಡ್ರಿ. ಮೊದಲಿನ ನಲವತ್ತು ಹಾಳಿ ಕೈಮಸಿ ಹತ್ತಿ ಕಪ್ಪಾಗಿರ್ತಾವ, ಆಚಿಕಿಂದೆಲ್ಲಾ ಹಾಲಿನಂಗ ಬೆಳ್ಳಗ. ಎಲ್ಲಿ ಕೈಬಿಟ್ಟಾನ ಅನ್ನೋದು ಪುಸ್ತಕ ತೆಗೀದೇನೂ ಗೊತ್ತಾಗ್ತೈತಿ."

ಸುಮಿತ್ರಾ ಅಕ್ಕೋರು ಅಷ್ಟೊತ್ತಿನ ತನಕ ಸುಮ್ಮನೆ ಮಿರ್ಚಿ ಭಜಿ ಮುರೀತಿದ್ದರು. ಹೈಸ್ಕೂಲಿನಾಗ ಕನ್ನಡ ಕಲಿಸೋರು. ಮೊದಲು ಪ್ರಶ್ನಿ ಕೇಳಿ ಆಮ್ಯಾಲ ಉತ್ತರ ಹೇಳೋ ರೂಢಿ ಬೆಂಚಿನ ಮ್ಯಾಲ ಅವರೊಬ್ಬರಿಗೇ ಇತ್ತು.

"ತಮ್ಮಾ, ಫೋನಿನಾಗ ಏನು ನೋಡ್ತೀ?"

"ಕಾಡಿಂದು ನೋಡ್ತೀನ್ರಿ ಅಕ್ಕೋರ. ಹಾವು, ಹುಲಿ. ಮತ್ತ ಕೊಲಿ ಕೇಸು ಹೆಂಗ ಪತ್ತೆ ಮಾಡಿದ್ರು ಅನ್ನೋವು."

"ದಿನಾ ಎಷ್ಟೊತ್ತು ಸಿಗ್ತದ?"

"ಅಂಗಡಿ ಹಾಕಿ, ಊಟ ಮಾಡಿ ಮಲಗೋ ಮುಂದ ಅರ್ಧಾ ತಾಸು."

"ಹಂಗಾದ್ರ ಲೆಕ್ಕಾ ಹಾಕೋಣು. ಹೊಸದಾಗಿ ಓದೋರಿಗೆ ಒಂದು ಪುಟಕ್ಕ ಎರಡೂವರಿ ನಿಮಿಷ ಹಿಡಿ. ಅರ್ಧಾ ತಾಸಿಗೆ ಹನ್ನೆರಡು ಪುಟ. ನೂರೈವತ್ತು ಪುಟದ್ದಾದ್ರ ಹದಿಮೂರು ರಾತ್ರಿಗೆ ಮುಗೀತದ. ಆರುನೂರು ಪುಟದ್ದಾದ್ರ ಐವತ್ತು ರಾತ್ರಿ. ಐವತ್ತು ರಾತ್ರಿಯೊಳಗ ಎರಡು ಹಬ್ಬ, ಒಂದು ಲಗ್ನ, ಒಂದು ನೆಗಡಿ ಬಂದು ಹೋಗ್ತಾವ. ನಾಲ್ಕು ದಿನ ಬಿಟ್ಟು ತೆಗದ್ರ ಯಾರ ಮಗ ಯಾರು ಅನ್ನೋದು ಮರ್ತಿರ್ತದ. ಹಿಂದಿಂದು ಮತ್ತ ಓದ್ಬೇಕು, ಬ್ಯಾಸರಾಗ್ತದ, ಪುಸ್ತಕ ಟಿವಿ ಮ್ಯಾಲ ಹೋಗಿ ಕುಂದ್ರತದ. ಓದೋರು ಬಿಡೋದು ಕತಿ ಚಲೋ ಇಲ್ಲಂತ ಅಲ್ಲ, ಎಳಿ ತಪ್ಪಿತಂತ."

"ಅಂದ್ರ ಇನ್ನೂರು ಪುಟದ ಒಳಗಿಂದೇ ಬೇಕು," ಅಂದರು ಕಾಕಾ.

"ಬೇಕು. ಅಧ್ಯಾಯ ಸಣ್ಣವಿರಬೇಕು, ಒಂದು ರಾತ್ರಿಗೆ ಒಂದು ತಾಣ ಮುಟ್ಟಬೇಕು. ಕಾಡು ಬೇಕು, ಪತ್ತೆ ಹಚ್ಚೋದೂ ಬೇಕು ಅಂದ್ರ ಕಣ್ಣು ಮುಚ್ಚಿ ತೇಜಸ್ವಿಯವರ ಕರ್ವಾಲೊ. 1980ರ ಪುಸ್ತಕ. ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ಕೊಳ್ಳಲಿಕ್ಕೆ ಹೋಗೋದರಿಂದ ಶುರು ಆಗ್ತದ. ಮಂದಣ್ಣ ಅಂತ ಒಬ್ಬ ಹಳ್ಳಿಯಾಂವ, ಮಂದಿ ಕಣ್ಣಾಗ ಅಡ್ಡನಾಡಿ, ವಿಜ್ಞಾನಿ ಕರ್ವಾಲೊ ಕಣ್ಣಾಗ ಅಪ್ಪಟ ಜೀವಶಾಸ್ತ್ರಜ್ಞ. ಕಿವಿ ಅಂತ ಒಂದು ನಾಯಿ. ಎಲ್ಲಾರೂ ಕೂಡಿ ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರ. ನಕ್ಕೋತ ಓದ್ತೀ, ಓದೀದಿ ಅನ್ನೋದೇ ಗೊತ್ತಾಗೂದಿಲ್ಲ."

"ಅದರ ಸಂಗಾಟ ಪರಿಸರದ ಕತೆ ಇಟ್ಕೋ," ಅಂದ ರಫೀಕ್. "ಬಿಡಿಬಿಡಿ ಬರಹ. ನಡುವ ಎಂಟು ದಿನ ಬಿಟ್ರೂ ಏನೂ ಹಾಳಾಗೂದಿಲ್ಲ."

ಈರಣ್ಣನಿಗೆ ಇದು ಸಮಾಧಾನ ಆಗಲಿಲ್ಲ. "ಪುಟ ಕಡಿಮಿ ಬೇಕಂದ್ರ ದೇವನೂರ ಮಹಾದೇವರ ಕುಸುಮಬಾಲೆ ಕೊಡ್ರಲ್ಲ. ತೆಳ್ಳಗ ಅದ, ಅಕಾಡೆಮಿ ಪ್ರಶಸ್ತಿ ಬಂದದ."

ಮೂವರೂ ಒಮ್ಮೆಲೇ "ಬ್ಯಾಡ!" ಅಂದರು. ಬಾಜೂಕ ಚಹಾ ಸೋಸತಿದ್ದ ಹುಡುಗನೂ ತಿರುಗಿ ನೋಡಿದ.

"ತೆಳುವಿದ್ದ ಮಾತ್ರಕ್ಕ ಹಗುರ ಅಲ್ಲ ಈರಣ್ಣ," ಅಂದರು ಕಾಕಾ. "ಅದರ ಮಾತು ನಂಜನಗೂಡು ಕಡೀದು. ಆ ಸೀಮೀ ಆಡುಮಾತಿನ ಬನಿ ಕಿವಿಯೊಳಗ ಇಳೀಬೇಕಾದ್ರ ಬಾಯಿ ಬಿಟ್ಟು ಓದ್ಬೇಕು, ಎರಡೆರಡು ಸಲ ಓದ್ಬೇಕು. ಭಾಳ ದೊಡ್ಡ ಕೃತಿ, ಅದಕ್ಕೇ ಮೊದಲನೇದಾಗಿ ಕೊಟ್ಟು ಕೆಡಸಬಾರದು. ನಮ್ಮ ಕಡೆ ಹುಡುಗಗ ಮೊದಲು ನಮ್ಮ ಕಡೆ ಮಾತೇ ಪುಸ್ತಕದಾಗ ಸಿಗಬೇಕು. ಬೆಳಗಾವಿ ಜಿಲ್ಲಾ ಘೋಡಗೇರಿ ಕಂಬಾರರ ಸಿಂಗಾರೆವ್ವ ಮತ್ತು ಅರಮನೆ ತಗೊ. ಮಾತಿನ ಧಾಟಿ ಮನಿ ಕಟ್ಟಿ ಮ್ಯಾಲ ಕುಂತು ಕೇಳಿದಂಗ. ಅಲ್ಲಿಂದ ರಾವಬಹಾದ್ದೂರರ ಗ್ರಾಮಾಯಣ. ಅದು ಮೂರನೇದು ಆಗಲಿ, ಯಾಕಂದ್ರ ದಪ್ಪ ಅದ, ಒಂದು ಊರಿಗೆ ಊರೇ ಅದರಾಗ ಅದ."

"ಗೋಕಾಕ ತಾಲೂಕಿನ ಕಟ್ಟೀಮನಿಯವರನ್ನ ಬಿಟ್ರಿ," ಅಂದರು ಅಕ್ಕೋರು. "ಜ್ವಾಲಾಮುಖಿಯ ಮೇಲೆ. ಪತ್ರಿಕಾ ಕಚೇರಿಯೊಳಗಿನ ಬಡತನ, ಜಗಳ. ವಾಕ್ಯ ಸಣ್ಣವು, ಓಟ ಜೋರು."

"ಕೊಲಿ ಕೇಸಿಂದು ಯಾರೂ ಹೇಳ್ಲಿಲ್ರಿ," ಅಂದ ಸಿದ್ದು ಮೆಲ್ಲಗ.

ಈರಣ್ಣ ಮೂಗು ಮುರಿದ. ಕಾಕಾ ಅವನನ್ನ ಕಣ್ಣಾಗೇ ಗದರಿಸಿದರು. "ಎನ್. ನರಸಿಂಹಯ್ಯನವರ ಹೆಸರು ಕೇಳೀಯೇನು? ಪತ್ತೇದಾರ ಪುರುಷೋತ್ತಮ? ಐದುನೂರರ ಸುಮಾರು ಕಾದಂಬರಿ ಬರದ್ರು. ಅವನ್ನ ಓದಿ ಅಕ್ಷರದ ಚಟ ಹತ್ತಿಸಿಕೊಂಡ ಮಂದೀನೇ ಮುಂದ ಕಾರಂತ, ಕುವೆಂಪು ಅಂತ ಹೋದದ್ದು. ಪತ್ತೇದಾರಿ ಓದಬ್ಯಾಡ ಅನ್ನೋದು, ಮೆಟ್ಟಲಾ ತುಳೀಬ್ಯಾಡ, ನೇರ ಮಾಳಗಿ ಮ್ಯಾಲ ಜಿಗಿ ಅಂದಂಗ."

"ಅವು ಈಗ ಹೊಸವು ಸಿಗೂದು ಕಷ್ಟರೀ," ಅಂದ ರಫೀಕ್. "ರದ್ದಿ ಅಂಗಡಿಯಾಗ ನೋಡ್ಬೇಕು. ಹಂಗ ಹುಡಕೋ ಮುಂದ ಹಳೇ ಕಸ್ತೂರಿ ಮಾಸಿಕ ಕಂಡ್ರ ಬಿಡಬ್ಯಾಡ. 1956ರಿಂದ ಬಂದದ್ದು. ಹಿಂದಿನ ಪುಟದಾಗ ಪುಸ್ತಕ ವಿಭಾಗ ಅಂತ ಒಂದಿಡೀ ಪುಸ್ತಕ ಇಳಿಸಿ ಕೊಟ್ಟಿರ್ತಾರ. ರುಚಿ ನೋಡ್ಲಿಕ್ಕೆ ಬೆಸ್ಟ್."

ಇಲ್ಲಿಂದ ಮಾತು ಕೊಳ್ಳೋದರ ಕಡೆ ಹೊಳ್ಳಿತು. ರಫೀಕ್ ಕುರ್ತಾದ ತೋಳು ಏರಿಸಿದ. ಈ ವಿಷಯದಾಗ ಅವನ ಬಾಯಿ ಮುಚ್ಚಿಸಿದವರಿಲ್ಲ.

"ನೋಡು ಸಿದ್ದು, ಪುಸ್ತಕ ಕೈಯಾಗ ಹಿಡದ ಕೂಡ್ಲೆ ಹಿಂದಿನ ರಕ್ಷಾಪುಟ ಓದಬ್ಯಾಡ. ಅಲ್ಲಿ ಎಲ್ಲಾ ಪುಸ್ತಕಾನೂ ಮಹತ್ವದ್ದೇ ಇರ್ತೈತಿ. ಶೀರ್ಷಿಕಿ ಹಾಳಿ ಹಿಂದ ನೋಡು. ಆಕಾರ ಡೆಮಿ 1/8, ಪುಟ ಎಷ್ಟು, ಕಾಗದ 70 ಜಿಎಸ್‌ಎಂ, ಎಷ್ಟನೇ ಮುದ್ರಣ, ಎಲ್ಲಾ ಅಚ್ಚಾಗಿರ್ತೈತಿ. ಆಮ್ಯಾಲ ನಡುವಿಂದ ಒಂದು ಪುಟ ತೆಗಿ. ಅಕ್ಷರ ಭಾಳ ಸಣ್ಣವಿದ್ದು ಸಾಲು ಒತ್ತೊತ್ತಾಗಿದ್ರ ಇಟ್ಟುಬಿಡು. ರಾತ್ರಿ ಬಲ್ಬಿನ ಬೆಳಕಿನಾಗ ಕಣ್ಣು ದಣದ್ರ ಪುಸ್ತಕಾನೇ ಬ್ಯಾಸರ ಅನಸ್ತೈತಿ. ಇನ್ನೊಂದು, ಪುಟದ ನಂಬರ. ದೊಡ್ಡ ಹಾಳಿ ಅಚ್ಚು ಹಾಕಿ ಮಡಚಿದ ಒಂದು ಕಟ್ಟಿಗೆ ಫಾರ್ಮ್ ಅಂತಾರ, ಡೆಮಿ 1/8 ಅಂದ್ರ ಒಂದು ಫಾರ್ಮಿಗೆ 16 ಪುಟ. ಬೈಂಡಿಂಗ್ ಮಾಡಾಂವ ಒಂದು ಫಾರ್ಮ್ ಬಿಟ್ಟಿದ್ರ 48ನೇ ಪುಟ ಆದ ಮ್ಯಾಲ ಸೀದಾ 65 ಬರ್ತೈತಿ. ಕೆಲವಕ್ಕ ಒಂದೇ ಫಾರ್ಮ್ ಎರಡು ಸಲ ಬಿದ್ದಿರ್ತೈತಿ. ಅದಕ್ಕ 16, 32, 48, 64, ಹಿಂಗ ಹದಿನಾರರ ಮಗ್ಗಿ ಹಿಡದು ನೋಡ್ಕೋತ ಹೋಗು. ಅರ್ಧಾ ನಿಮಿಷದ ಕೆಲಸ."

"ಹದಿನಾರರ ಮಗ್ಗಿ ಬರೂದಿಲ್ರಿ."

"ಫೋನಿನಾಗ ಗುಣಿಸ್ಕೋ ಮಾರಾಯಾ. ಮತ್ತ ಬೆನ್ನು ನೋಡು. ಬರೇ ಗೋಂದಿನ ಬೈಂಡಿಂಗ್ ಇದ್ರ ನಮ್ಮೂರ ಬ್ಯಾಸಿಗಿ ಬಿಸಲಿಗೆ ಗೋಂದು ಒಣಗಿ ಬಿರೀತೈತಿ, ಹಾಳಿ ಒಂದೊಂದೇ ಕೈಗೆ ಬರ್ತಾವ. ಅಂಥಾದ್ದನ್ನ ಗಾಡಿ ಡಿಕ್ಕಿಯಾಗ ಇಡಬ್ಯಾಡ, ಬೆನ್ನಿನ ಕಡೀಗೆ ಮಡಚಿ ಒಂದೇ ಕೈಲೆ ಹಿಡೀಬ್ಯಾಡ. ದಾರದ ಹೊಲಿಗಿ ಇದ್ರ ನಡುವಿನ ಹಾಳಿಯಾಗ ಎಳಿ ಕಾಣ್ತೈತಿ. ಅದಕ್ಕ ಹತ್ತಿಪ್ಪತ್ತು ರೂಪಾಯಿ ಹೆಚ್ಚಿದ್ರೂ ಕೊಡು."

"ರೊಕ್ಕಾನೇ ಯಾಕ ಕೊಡ್ಬೇಕೋ?" ಅಂದರು ಕಾಕಾ. ವ್ಯಾಪಾರಿ ಮುಂದ ಗ್ರಂಥಾಲಯದವರು ಸೋಲೋದಿಲ್ಲ. "ಸಿದ್ದು, ಮನಿ ತೆರಿಗಿ ಕಟ್ಟೀರಿಲ್ಲೋ?"

"ಕಟ್ಟೀವ್ರಿ."

"ಆ ಪಾವತಿ ತೆಗದು ನೋಡು. ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತದ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ತೆರಿಗಿ ಒಂದು ರೂಪಾಯಿಗೆ 6 ಪೈಸಾ. ಹಣ ಮುಂಗಡ ಕೊಟ್ಟು ಪುಸ್ತಕ ಒಯ್ಯದೇ ಕುಂತೀರಿ ನೀವು. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕ ಆಧಾರ್ ಕಾರ್ಡು, ಫೋಟೋ ತಗೊಂಡು ಹೋಗಿ ಸದಸ್ಯತ್ವ ಕೇಳು. ಹಳ್ಳಿಯಾಗಾದ್ರ ಪಂಚಾಯ್ತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರ. ವಿಷಯಕ್ಕೊಂದು ನಂಬರ ಕೊಡೋ ಡ್ಯೂಯಿ ಪದ್ಧತಿಯಾಗ ಪುಸ್ತಕ ಜೋಡಿಸಿದ ಕಡೆ ಕನ್ನಡ ಸಾಹಿತ್ಯಕ್ಕ 894.814 ನಂಬರ. ಅದರ ಕೊನೀಗೆ 1 ಇದ್ರ ಕಾವ್ಯ, 2 ನಾಟಕ, 3 ಕತಿ-ಕಾದಂಬರಿ. ನಿನಗ ಬೇಕಾದ್ದು 894.8143."

"ಇದೇನ್ರಿ, ಫೋನಿನ ಐಎಂಇಐ ನಂಬರ ಇದ್ದಂಗ ಐತಿ!" ಅಂದ ಸಿದ್ದು. ಈ ಒಂದು ವಿಷಯ ಮಾತ್ರ ಅವನಿಗೆ ಒಂದೇ ಸಲಕ್ಕ ತಿಳೀತು.

ಅಕ್ಕೋರು ಚಹಾ ಕಪ್ಪು ಬಾಜೂಕಿಟ್ಟರು. "ಓದೋದು ಹೆಂಗ ಅನ್ನೋದು ಉಳೀತು. ಮೊದಲನೇ ಮಾತು, ಮುನ್ನುಡಿ ಓದಬ್ಯಾಡ. ಮುನ್ನುಡಿ ಬರೆಯೋರು ಕತಿ ನಿನಗ ಮೊದಲೇ ಗೊತ್ತದ ಅಂತ ತಿಳಕೊಂಡು, ಕೊನೀಗೆ ಯಾರು ಸಾಯ್ತಾರ ಅನ್ನೋದನ್ನ ಮೂರನೇ ಪ್ಯಾರಾದಾಗೇ ಹೇಳಿಬಿಡ್ತಾರ. ಕತಿ ಮುಗಿಸಿ ಹಿಂದಕ್ಕ ಬಂದು ಓದು, ಆವಾಗ ಅದು ರುಚಿ. ಎರಡನೇದು, ಒಂದು ಉದ್ದಾನ ಚೀಟಿ ಹರಕೊ. ಪುಟದ ಗುರುತಿಗೂ ಅದೇ, ಪಾತ್ರದ ಹೆಸರು ಬರಕೊಳ್ಳಾಕೂ ಅದೇ: ಮಂದಣ್ಣ, ಯಾರು, ಏನು ಮಾಡ್ತಾನ. ಒಂದು ಸಾಲು ಸಾಕು. ಮುಂದ ಮಲೆಗಳಲ್ಲಿ ಮದುಮಗಳು ತೆಗದಾಗ ಈ ಚೀಟಿ ಇಲ್ಲಂದ್ರ ಕಾಡಿನಾಗ ಕಳದು ಹೋಗ್ತೀ. ಅಷ್ಟು ಮಂದಿ ಅದಾರ ಅದರಾಗ. ಮೂರನೇದು, ತಿಳೀದ ಶಬ್ದ ಬಂತಂತ ಫೋನ್ ತೆಗೀಬ್ಯಾಡ."

"ಅರ್ಥ ನೋಡ್ಲಿಕ್ಕೆರೀ..."

"ಅರ್ಥ ನೋಡ್ಲಿಕ್ಕೆ ತೆಗದಾಂವ ವಾಟ್ಸಾಪ್ ನೋಡಿ ಮಲಗ್ತಾನ. ಪೆನ್ಸಿಲ್‌ಲೆ ಬಾಜೂಕೊಂದು ಚುಕ್ಕಿ ಇಡು, ಮುಂದ ಹೋಗು. ಗ್ರಂಥಾಲಯದ ಪುಸ್ತಕ ಆದ್ರ ಚುಕ್ಕೀನೂ ಬ್ಯಾಡ, ಕಾಕಾ ನೋಡ್ಲಿಕ್ಕೆ ಹತ್ಯಾರ. ಅದೇ ಶಬ್ದ ಮುಂದ ಎರಡು ಸಲ ಬರ್ತದ, ತಾನೇ ತಿಳೀತದ. ಆದ್ರ ಒಂದೊಂದು ಪುಟದಾಗ ಏಳೆಂಟು ಚುಕ್ಕಿ ಬೀಳ್ಲಿಕ್ಕತ್ರ ಆ ಪುಸ್ತಕಕ್ಕ ಇನ್ನೂ ಹೊತ್ತು ಬಂದಿಲ್ಲಂತ ತಿಳಿ. ಮೂವತ್ತು ಪುಟ ನೋಡು. ಹಿಡೀಲಿಲ್ಲಾ, ನಾಚಿಕಿ ಬಿಟ್ಟು ಬದಲಿ ಮಾಡು."

"ಅನುವಾದ ತಗೊಳ್ಳೋ ಮುಂದ ಇನ್ನೊಂದು ಪರೀಕ್ಷಾ," ಅಂದ ಈರಣ್ಣ. ಪರ್ವ ಬಿಟ್ಟು ಬ್ಯಾರೆ ಮಾತಾಡಿದ್ದಕ್ಕ ಎಲ್ಲಾರೂ ತಲಿ ಎತ್ತಿದರು. "ಸಂಭಾಷಣಿ ಇರೋ ಪುಟ ತೆಗದು ಬಾಯಿ ಬಿಟ್ಟು ಓದು. ಹುಟ್ಟಿದ ಮನುಷಾ ಯಾವನೂ ಹಂಗ ಮಾತಾಡೂದಿಲ್ಲ ಅನಸಿದ್ರ ಕೆಳಗ ಇಡು."

ಇದಕ್ಕ ಮಾತ್ರ ನಾಲ್ವರ ಒಪ್ಪಿಗಿ ಬಿತ್ತು.

"ನಮ್ಮವ್ವನೂ ಕೇಳ್ಯಾಳ್ರಿ," ಅಂದ ಸಿದ್ದು. "ನಾಕನೇತ್ತ ತನಕ ಕಲತಾಳ. ಕೂಡಿಸಿ ಕೂಡಿಸಿ ಓದ್ತಾಳ."

"ಗರತಿಯ ಹಾಡು!" ಅಂದರು ಕಾಕಾ, ಯೋಚನಿ ಮಾಡಲೂ ಇಲ್ಲ. "ನಮ್ಮ ಜಿಲ್ಲಾದ ಹಲಸಂಗಿ ಗೆಳೆಯರು ಹೆಣಮಕ್ಕಳ ಬಾಯಿಂದ ಕೂಡಿಸಿ 1931ರಾಗ ತಂದದ್ದು. ಮೂರು ಸಾಲಿನ ತ್ರಿಪದಿ. ಅರ್ಧಾ ನಿನ್ನ ಅವ್ವಗ ಬಾಯಿಲೇ ಬರ್ತಿರ್ತಾವ, ಬೀಸೋ ಮುಂದ ಅವರವ್ವ ಹಾಡಿದ್ದು. ಬಾಯಾಗಿದ್ದದ್ದನ್ನ ಕಣ್ಣಿಲೆ ಹುಡಕೋದು, ಕೂಡಿಸಿ ಓದೋರಿಗೆ ಇದಕ್ಕಿಂತ ಹಗುರಾದ ದಾರಿ ಇಲ್ಲ. ಅದು ಆದ ಮ್ಯಾಲ ವಚನ. ನಾಕೈದು ಸಾಲು, ದಿನಕ್ಕೊಂದು. ಹಳಕಟ್ಟಿಯವರು 1923ರಾಗ ವಚನಶಾಸ್ತ್ರಸಾರ ತಂದು, ಎರಡು ವರ್ಷದ ಮ್ಯಾಲ ಇದೇ ಊರಾಗ ಹಿತಚಿಂತಕ ಮುದ್ರಣಾಲಯ ಹಾಕಿದ್ದು ಈ ಕೆಲಸಕ್ಕೇ. ಆದ್ರ ಕೆಳಗ ಶಬ್ದಾರ್ಥ ಇರೋದನ್ನೇ ತಗೊ. ಒಂದು ವಚನಕ್ಕ ನಾಕು ಪುಟ ವ್ಯಾಖ್ಯಾನ ಇರೋದು ಬ್ಯಾಡ, ವಚನಾನೇ ಎಲ್ಲಿ ಹೋತಂತ ಹುಡುಕಬೇಕಾಗ್ತದ."

"ಅಕ್ಷರ ದೊಡ್ಡವಿರೂ ಪ್ರತಿ ನಾ ನೋಡಿ ಇಡ್ತೀನಿ," ಅಂದ ರಫೀಕ್. ಕಾಕಾ ಅವನ ಕಡೆ ನೋಡಿದರು. "ಫುಕಟ್ ಅಲ್ರಿ ಕಾಕಾ, ಅರ್ಧಾ ಬೆಲಿಗೆ."

"ಪರ್ವ ಎಷ್ಟನೇದು ಹಂಗಾದ್ರ?" ಈರಣ್ಣ ಬಿಡಲಿಲ್ಲ.

"ಹತ್ತನೇದು," ಅಂದರು ಅಕ್ಕೋರು.

"ಎಂಟು ಮಾಡ್ರಿ."

"ಒಂಬತ್ತು. ಮುಗೀತು."

ಸಿದ್ದು ಎಲ್ಲಾನೂ ಫೋನಿನಾಗ ಬರಕೊಂಡ. ನಂಬರನ್ನ ಮೊದಲು, ಹೆಸರನ್ನ ಆಮ್ಯಾಲ. ಎದ್ದು ಗಾಡಿ ಚಾವಿ ತೆಗೆದಾಂವ ಹಂಗೇ ನಿಂತ. "ಅಲ್ರಿ, ಆ ಹಾರೋ ಓತಿ ಕೊನೀಗೆ ಸಿಗ್ತೈತೇನ್ರಿ ಅವರಿಗೆ?"

ಈರಣ್ಣ ಬಾಯಿ ತೆಗೆದ.

"ಏ!" ಅಂದರು ಅಕ್ಕೋರು, "ನೀ ಮುನ್ನುಡಿ ಬರೀಬ್ಯಾಡ!"