ಹಳೆಯ ಆಲ್ಟೊ, ಕುಸಿದ ಸೀಟು, 15 ಸಾವಿರದ ಬಜೆಟ್: ಕುಶನ್ ಕೆಲಸದವರನ್ನು ಕೇಳಿ

ಪ್ರಶ್ನೆ (ಸಾಗರದ ಕಡೆಯ ಸದಸ್ಯರು):
ನಮಸ್ಕಾರ. ನನ್ನದು 2010ರ ಮಾರುತಿ ಆಲ್ಟೊ. ಹದಿನೈದು ವರ್ಷ ತುಂಬಿದ ಮೇಲೆ ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡಿದ್ದೇನೆ. ಇಂಜಿನ್ ಗಟ್ಟಿಮುಟ್ಟಾಗಿದೆ, ಒಳಗೆ ಮಾತ್ರ ನೋಡುವಂತಿಲ್ಲ. ತೋಟದ ಮನೆ ನಮ್ಮದು. ಅಡಿಕೆ ಚೀಲ, ಗೊಬ್ಬರ, ಒಮ್ಮೆ ಕರುವೂ ಇದರಲ್ಲೇ ಪ್ರಯಾಣ ಮಾಡಿದೆ. ಡ್ರೈವರ್ ಸೀಟಿನ ಬಲ ಅಂಚು ಕುಸಿದು ಕಬ್ಬಿಣ ತೊಡೆಗೆ ಒತ್ತುತ್ತದೆ. ಮಳೆಗಾಲದಲ್ಲಿ ಸೀಟಿನ ಮೇಲೆ ಬಿಳಿ ಬೂಷ್ಟು, ಬಾಗಿಲು ತೆಗೆದರೆ ಮುಗ್ಗಿದ ವಾಸನೆ. 15 ಸಾವಿರ ಎತ್ತಿಟ್ಟಿದ್ದೇನೆ. ಗುಜರಿಯಲ್ಲಿ ಸ್ವಿಫ್ಟ್ ಕಾರಿನ ಸೀಟುಗಳು ಸಿಗುತ್ತವಂತೆ, ಅವನ್ನೇ ಕೂರಿಸಬಹುದೇ? ಅಥವಾ ಹೊಸ ಕವರ್ ಹಾಕಿಸಿ ಸುಮ್ಮನಿರಲೇ?

ಉತ್ತರ (ಶಿವಮೊಗ್ಗದಲ್ಲಿ ಕುಶನ್ ಅಂಗಡಿ, 22 ವರ್ಷದ ಕೆಲಸ):
ಬೂಷ್ಟಿನ ವಿಷಯವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿದಿರಾ? ಘಟ್ಟದ ಕಡೆಯಿಂದ ಎಷ್ಟೋ ಜನ ಸೀಟ್ ಕವರ್ ಕೇಳಿಕೊಂಡು ಬರುತ್ತಾರೆ. ಮ್ಯಾಟ್ ಎತ್ತಿ ಅದರಡಿಯ ದಪ್ಪ ಹೊದಿಕೆಯನ್ನು ಅದುಮಿದರೆ ಬೆರಳ ಸಂದಿಯಲ್ಲಿ ನೀರು ಬರುತ್ತದೆ. ಆ ಕಾರಿಗೆ ಕವರ್ ಹಾಕಿಕೊಟ್ಟರೆ ನನಗೆ ದುಡ್ಡು, ಅವರಿಗೆ ಮುಂದಿನ ಆಷಾಢದಲ್ಲಿ ಮತ್ತೆ ಅದೇ ಬೂಷ್ಟು. ರೆಕ್ಸಿನ್ ಗಾಳಿಯಾಡುವ ವಸ್ತುವಲ್ಲ. ಒಳಗಿನ ತೇವ ಒಳಗೇ ಉಳಿಯುತ್ತದೆ, ಫೋಮ್ ಕೊಳೆಯುತ್ತದೆ, ಸೀಟು ಹಿಂದೆ ಮುಂದೆ ಜಾರುವ ಹಳಿಗೆ ತುಕ್ಕು ಹಿಡಿಯುತ್ತದೆ.

ಹೀಗೆ ಮಾಡಿ. ಬಿಸಿಲಿರುವ ದಿನ ಮ್ಯಾಟ್‌ಗಳನ್ನೆಲ್ಲ ತೆಗೆದು ನಾಲ್ಕೂ ಕಾಲಿಡುವ ಜಾಗಗಳಲ್ಲಿ ಹಳೆಯ ದಿನಪತ್ರಿಕೆ ಹಾಸಿ. ಮನೆಯವರೊಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ನೀವು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಿ, ಕೆಳಗಿನಿಂದ ಮೇಲಕ್ಕೆ. ಮೊದಲೇ ಮೇಲಿನಿಂದ ಬಿಟ್ಟರೆ ಎಲ್ಲ ಕಡೆ ಒದ್ದೆಯಾಗಿ ಎಲ್ಲಿ ಸೋರಿತೆಂದೇ ತಿಳಿಯುವುದಿಲ್ಲ. ಬಾಗಿಲಿನ ರಬ್ಬರಿಗೆ ಮೊದಲೇ ಟಾಲ್ಕಂ ಪೌಡರ್ ಸವರಿಟ್ಟರೆ ನೀರು ಹರಿದ ಗೆರೆ ಎದ್ದು ಕಾಣುತ್ತದೆ.

ಎಡಗಡೆ ಮುಂದೆ ಮಾತ್ರ ಒದ್ದೆಯಾಗುತ್ತಿದ್ದರೆ, ಅದೂ ಮಳೆಯಿಲ್ಲದೆ ಎಸಿ ಹಾಕಿದ ದಿನಗಳಲ್ಲಿ, ಅದು ಎಸಿಯ ನೀರು ಹೊರಗೆ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡದ್ದು. ಆ ನೀರಿಗೆ ಬಣ್ಣವಿಲ್ಲ, ಅಂಟಿಲ್ಲ. ಬೆರಳಿಗೆ ಜಿಡ್ಡೆನಿಸಿ ಸಿಹಿ ವಾಸನೆ ಬಂದರೆ ಅದು ಕೂಲೆಂಟ್ (ಇಂಜಿನ್ ತಣಿಸುವ ದ್ರವ), ಹೀಟರಿನಿಂದ ಸೋರುತ್ತಿದೆ ಎಂದರ್ಥ. ಆಗ ನನ್ನ ಬಳಿಯಲ್ಲ, ಮೆಕ್ಯಾನಿಕ್ ಬಳಿ ಹೋಗಿ. ವೈಪರಿನ ಬುಡದ ಜಾಲರಿಯನ್ನೂ ನೋಡಿ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಅಲ್ಲಿ ಎಲೆ ಕೊಳೆತು ಗೊಬ್ಬರವೇ ಆಗಿರುತ್ತದೆ.

ಇನ್ನೊಂದು ಜಾಗವನ್ನು ಯಾರೂ ಅನುಮಾನಿಸುವುದಿಲ್ಲ. ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ. ಬಾಗಿಲಿನ ಅಡಿಯ ತೂತುಗಳಿಂದ ಅದು ಹೊರಗೆ ಹೋಗಬೇಕು. ಕಾರಿನೊಳಕ್ಕೆ ಬಾರದಂತೆ ಬಾಗಿಲಿನ ಒಳಬದಿಯ ಪ್ಯಾನೆಲ್‌ನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕುವ ಹುಡುಗರು ಅದನ್ನು ಹರಿದು ಬಿಸಾಡುತ್ತಾರೆ. ನಿಮ್ಮ ಕಾರಿಗೆ ಯಾವಾಗಲಾದರೂ ಸ್ಪೀಕರ್ ಹಾಕಿಸಿದ್ದಿರಾ?

ಸ್ವಿಫ್ಟ್ ಸೀಟಿನ ಆಸೆ ಬಿಡಿ. ಹಳಿಯ ಅಗಲ ಬೇರೆ, ಬೋಲ್ಟ್ ಜಾಗ ಬೇರೆ, ಎತ್ತರ ಬೇರೆ. ಕೂರಿಸಿಕೊಡುತ್ತೇವೆ ಎನ್ನುವವರು ಮಧ್ಯೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡುತ್ತಾರೆ. ನೇರ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಡಿಕ್ಕಿಯಾದಾಗ ನಿಮ್ಮ ತೂಕವನ್ನೆಲ್ಲ ಹಿಡಿದು ನಿಲ್ಲಬೇಕಾದದ್ದು ಆ ಪಟ್ಟಿ. ಕೆಲವು ಕಾರುಗಳಲ್ಲಿ ಬೆಲ್ಟಿನ ಬಕಲ್ ನೆಲಕ್ಕೆ, ಕೆಲವದರಲ್ಲಿ ಸೀಟಿನ ಚೌಕಟ್ಟಿಗೇ ಇರುತ್ತದೆ. ಸೀಟು ಬದಲಾದರೆ ಆ ಲೆಕ್ಕವೂ ತಪ್ಪುತ್ತದೆ. ಇಂಥ ಕೆಲಸವನ್ನು ನಾನು ಮಾಡುವುದಿಲ್ಲ, ಎಷ್ಟು ಕೊಟ್ಟರೂ.

ಸೀಟು ಬದಲಿಸಲೇಬೇಕಾದರೆ ನಿಮ್ಮದೇ ಮಾದರಿಯ ಸೀಟು ತನ್ನಿ. ಆಲ್ಟೊ ಸೀಟಿಗೆ ಬರವಿಲ್ಲ, ಬೆಂಗಳೂರಿನ ಶಿವಾಜಿನಗರದ ಗುಜರಿಯ ತನಕ ಹೋಗಬೇಕಾಗಿಲ್ಲ. ಬಟ್ಟೆ ನೋಡಬೇಡಿ, ಸೀಟನ್ನು ತಿರುಗಿಸಿ ಅಡಿ ನೋಡಿ. ಹಳಿಯ ಸಂದಿಯಲ್ಲಿ ಒಣಗಿದ ಕೆಸರು ಇದ್ದರೆ ಅದು ನೆರೆಯಲ್ಲಿ ಮುಳುಗಿದ ಕಾರಿನದು. ಎಳೆದು ಬಿಟ್ಟಾಗ ಎರಡೂ ಬದಿಯ ಹಳಿ ಒಟ್ಟಿಗೆ ‘ಟಕ್’ ಎಂದು ಕಚ್ಚಿಕೊಳ್ಳಬೇಕು. ಒಂದು ಬದಿ ಮಾತ್ರ ಕಚ್ಚಿದರೆ ಆ ಸೀಟು ಬೇಡ.

ಆದರೆ ನಿಮಗೆ ಸೀಟು ಬದಲಿಸುವ ಅಗತ್ಯವೇ ಇಲ್ಲವೆಂದು ನನ್ನ ಅನಿಸಿಕೆ. ಇಳಿಯುವಾಗ ಪ್ರತಿ ಸಲ ಅದೇ ಬಲ ಅಂಚಿನ ಮೇಲೆ ಜಾರುತ್ತೀರಿ, ಅಲ್ಲಿನ ಫೋಮ್ ಪುಡಿಯಾಗಿದೆ ಅಷ್ಟೆ. ಬಟ್ಟೆಯನ್ನು ಬಿಗಿಹಿಡಿದ ರಿಂಗ್‌ಗಳನ್ನು ಕತ್ತರಿಸಿ, ಸತ್ತ ಫೋಮನ್ನು ಚಾಕುವಿನಿಂದ ಓರೆಯಾಗಿ ಕೆತ್ತಿ, ಗಟ್ಟಿ ರೀಬಾಂಡೆಡ್ ಫೋಮಿನ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು) ತುಂಡು ಅಂಟಿಸಿ, ಮೇಲೆ 10 ಮಿಲಿಮೀಟರಿನ ಮೆತ್ತನೆಯ ಹಾಳೆ ಎಳೆಯುತ್ತೇವೆ. ಅಡಿಯ ಸ್ಪ್ರಿಂಗ್ ತುಂಡಾಗಿದ್ದರೆ ಅದನ್ನು ಕಟ್ಟಿ, ಫೋಮಿಗೂ ಕಬ್ಬಿಣಕ್ಕೂ ಮಧ್ಯೆ ಗೋಣಿತಾಟು ಕೊಡುತ್ತೇವೆ. ಗೋಣಿ ಕೊಡದಿದ್ದರೆ ಸ್ಪ್ರಿಂಗ್ ಹೊಸ ಫೋಮನ್ನೂ ಕೊಯ್ಯುತ್ತದೆ. ನಮ್ಮಲ್ಲಿ ಒಂದು ಸೀಟಿಗೆ 1,500 ರೂಪಾಯಿ, ಅರ್ಧ ದಿನದ ಕೆಲಸ.

ಇನ್ನೊಬ್ಬ ಸದಸ್ಯರು:
ಅಷ್ಟೆಲ್ಲ ಯಾಕೆ? ಹಿಂದಿನ ಸೀಟು ತೆಗೆದುಬಿಡಿ, ಅಡಿಕೆ ಚೀಲಕ್ಕೂ ಜಾಗವಾಗುತ್ತದೆ.

ಉತ್ತರ:
ಎಷ್ಟು ಜನ ಕೂರುವ ವಾಹನ ಎಂಬುದು ಆರ್‌ಸಿಯಲ್ಲೇ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಅಡಿಕೆ ಕೊಯ್ಲಿನ ದಿನ ಸೀಟಿನ ಬೆನ್ನು ಮಡಚಿ, ಮೇಲೊಂದು ಟಾರ್ಪಾಲು ಹಾಸಿಕೊಳ್ಳಿ.

ಮಂಗಳೂರಿನ ಸದಸ್ಯೆ:
ಸರ್, ನನ್ನ ಕಾರು ಹೊಸದು, 6 ಏರ್‌ಬ್ಯಾಗ್ ಇದೆ. ಮಗ ಬಿಸ್ಕತ್ತು ಪುಡಿ ಚೆಲ್ಲುತ್ತಾನೆಂದು ಬಿಗಿಯಾದ ಲೆದರ್ ಕವರ್ ಹಾಕಿಸಬೇಕೆಂದಿದ್ದೇನೆ. ತೊಂದರೆ ಇಲ್ಲವೇ?

ಉತ್ತರ:
ಇದೆ ಮೇಡಂ. ಮುಂದಿನ ಸೀಟಿನ ಬೆನ್ನಿನ ಹೊರಬದಿಯಲ್ಲಿ ‘ಏರ್‌ಬ್ಯಾಗ್’ ಎಂದು ಚಿಕ್ಕ ಚೀಟಿ ಇದೆಯೇ ನೋಡಿ. ಇದ್ದರೆ ಪಕ್ಕದ ಏರ್‌ಬ್ಯಾಗ್ ಅಲ್ಲಿಂದಲೇ, ಸೀಟಿನ ಹೊಲಿಗೆ ಬಿಚ್ಚಿಕೊಂಡು ಬರುತ್ತದೆ. ಅದರ ಮೇಲೆ ದಪ್ಪ ಕವರ್ ಬಿಗಿದರೆ ಅದು ಸರಿಯಾದ ಹೊತ್ತಿಗೆ, ಸರಿಯಾದ ದಿಕ್ಕಿಗೆ ತೆರೆಯದೆ ಹೋಗಬಹುದು. ಏರ್‌ಬ್ಯಾಗಿಗೆ ಹೊಂದುವಂತೆ ಹೊಲಿದದ್ದು ಎಂದು ಕವರ್ ಮಾರುವವರು ಹೇಳುತ್ತಾರೆ. ಕಾರಿನ ಕಂಪನಿಯೇ ನಿಮ್ಮ ಮಾದರಿಗೆಂದು ಕೊಡುವ ಕವರ್ ಆದರೆ ಮಾತ್ರ ನಾನು ನಂಬುತ್ತೇನೆ. ಸೀಟಿನ ಅಡಿಯ, ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರನ್ನು ಯಾರಿಗೂ ಬಿಚ್ಚಲು ಬಿಡಬೇಡಿ. ಬಿಸ್ಕತ್ತಿಗೆ ಹಿಂದಿನ ಸೀಟಿನ ಮೇಲೆ ಒಗೆಯಲು ಬರುವ ಹತ್ತಿಯ ಹಾಸು ಸಾಕು.

ತುಮಕೂರಿನ ಸದಸ್ಯರು:
ನಮ್ಮ ಹಳೆಯ ಸೆಡಾನಿನ ಟಾಪ್ ಬಟ್ಟೆ (ಚಾವಣಿಯ ಒಳಬದಿಯದು) ಜೋತುಬಿದ್ದಿದೆ. ಸ್ಪ್ರೇ ಅಂಟು ಹಾಕಿ ಒತ್ತಿದೆ, ವಾರದಲ್ಲಿ ಮತ್ತೆ ಬಿತ್ತು.

ಉತ್ತರ:
ಬೀಳುತ್ತದೆ. ಬಟ್ಟೆಯ ಹಿಂದೆ ತೆಳು ಫೋಮ್ ಇರುತ್ತದೆ, ಬಿಸಿಲಿಗೆ ಅದೇ ಹುಡಿಯಾಗಿರುವುದು. ನೀವು ಅಂಟಿಸಿದ್ದು ಹುಡಿಗೆ. ಟಾಪ್ ಹಲಗೆಯನ್ನು ಹೊರಗೆ ತೆಗೆದು, ಹಳೆಯ ಫೋಮನ್ನು ಒಂದು ಚೂರೂ ಬಿಡದೆ ಬ್ರಷ್‌ನಿಂದ ಉಜ್ಜಿ, ಫೋಮ್ ಸಮೇತ ಬರುವ ಹೊಸ ಬಟ್ಟೆ ಅಂಟಿಸಬೇಕು. ಮಾಸ್ಕ್ ಹಾಕಿಕೊಳ್ಳಿ, ಆ ಹುಡಿ ಮೂರು ದಿನ ಮೂಗಿನಲ್ಲಿರುತ್ತದೆ.

ಸಾಗರದ ಸದಸ್ಯರು (ಹತ್ತು ದಿನಗಳ ನಂತರ):
ನೀವು ಹೇಳಿದಂತೆ ನೀರು ಬಿಟ್ಟು ನೋಡಿದೆವು. ಒಳಗೆ ಕೂತಿದ್ದವಳು ಮಗಳು. ಎಡಗಡೆ ಹಿಂದಿನ ಬಾಗಿಲಿನ ಹೊಸಿಲಿನಲ್ಲಿ ನೀರು ಇಣುಕುತ್ತಿದೆ ಎಂದು ಕೂಗಿದಳು. ಪ್ಯಾನೆಲ್ ಬಿಚ್ಚಿದರೆ ಪ್ಲಾಸ್ಟಿಕ್ ಹಾಳೆ ಅರ್ಧವೇ ಇದೆ. ಸ್ಪೀಕರ್ ಹಾಕಿಸಿದ್ದು 2013ರಲ್ಲಿ! ಬಾಗಿಲಿನ ಅಡಿಯ ತೂತುಗಳಲ್ಲಿ ಮಣ್ಣು ಗಟ್ಟಿಯಾಗಿತ್ತು, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿದಾಗ ಒಂದು ಲೋಟ ಕಂದು ನೀರು ಬಂತು. ಹೊಸ ಹಾಳೆ ಅಂಟಿಸಿದ್ದೇನೆ. ಮುಂದೇನು?

ಉತ್ತರ:
ಮಗಳಿಗೆ ನನ್ನ ಕಡೆಯಿಂದ ಒಂದು ಐಸ್‌ಕ್ರೀಂ ಕೊಡಿಸಿ, ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇನೆ.

ಈಗ ನಾಲ್ಕು ಬೋಲ್ಟ್ ಬಿಚ್ಚಿ ಮುಂದಿನ ಸೀಟುಗಳನ್ನು ಒಂದೊಂದಾಗಿ ಹೊರಗಿಡಿ. ಹಿಂದಿನದನ್ನೂ ತೆಗೆದು ಎಲ್ಲವನ್ನೂ ಎರಡು ಮೂರು ದಿನ ಕಡು ಬಿಸಿಲಿಗೆ ಹಾಕಿ. ಬೂಷ್ಟನ್ನು ಒಣ ಬ್ರಷ್‌ನಿಂದ ಹೊರಗಡೆಯೇ ಕೆರೆಯಿರಿ, ಕಾರಿನೊಳಗೆ ಕೆರೆದರೆ ಅದರ ಬೀಜ ಮತ್ತೆ ಒಳಗೇ ಬೀಳುತ್ತದೆ. ಆಮೇಲೆ ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಕೆಟ್ಟಿನಿಂದ ಸುರಿಯಬೇಡಿ, ಫೋಮ್ ಹೀರಿದ ನೀರು ಒಂದು ವಾರವಾದರೂ ಆರುವುದಿಲ್ಲ. ನೆಲದ ಹೊದಿಕೆಯಡಿ ತುಕ್ಕು ಕಂಡರೆ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಪೇಂಟ್ ಕೊಡಿ. ಡ್ಯಾಶ್‌ಬೋರ್ಡಿಗೆ ಹೊಳೆಯುವ ಪಾಲಿಶ್ ಬೇಡವೇ ಬೇಡ. ಮಧ್ಯಾಹ್ನ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಕೂತು ರಸ್ತೆಯೇ ಕಾಣುವುದಿಲ್ಲ.

ನಿಮ್ಮ ದುಡ್ಡಿನ ಲೆಕ್ಕ: ಎರಡೂ ಮುಂದಿನ ಸೀಟುಗಳ ಫೋಮ್ 3,000, ನೆಲದ ಹೊಸ ಹೊದಿಕೆ 2,500, ಐದು ಜನರ ಸೀಟಿಗೆ ಕವರ್ 4,500. ಕವರ್ ರೆಕ್ಸಿನ್ ಬೇಡ, ಗಾಳಿಯಾಡುವ ಬಟ್ಟೆಯದನ್ನೇ ತೆಗೆದುಕೊಳ್ಳಿ; ಅಂಚಿಗೆ ಮಾತ್ರ ರೆಕ್ಸಿನ್ ಕೊಡುತ್ತೇನೆ, ಜಾರುವ ಜಾಗ ಅದು. 5,000 ನಿಮ್ಮ ಜೇಬಿನಲ್ಲೇ ಉಳಿಯಿತು.

ಸಾಗರದ ಸದಸ್ಯರು:
ಬಣ್ಣ ಯಾವುದು ಹಾಕಿಸಲಿ? ಮನೆಯವಳು ಬೀಜ್ ಬಣ್ಣ ಎನ್ನುತ್ತಾಳೆ.

ಉತ್ತರ:
ಕರು ಇನ್ನೊಮ್ಮೆ ಬರುವುದಿದ್ದರೆ ಕಡು ಬೂದು. ಮಳೆಯಿಲ್ಲದ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ತನ್ನಿ. ಸೀಟನ್ನು ಬರಿಗೈಯಿಂದ ಅದುಮಿ ನೋಡಿ, ಒಂಚೂರು ತಣ್ಣಗೆನಿಸಿದರೂ ಇನ್ನೆರಡು ದಿನ ಬಿಸಿಲಿಗಿಟ್ಟು ಆಮೇಲೆ ಹೊರಡಿ.