ತೋಟದ ಮನೆಗೆ ವೈಫೈ: ಮೆಶ್ ಸೆಟ್ಟೋ, ಆಕ್ಸೆಸ್ ಪಾಯಿಂಟೋ?

ಪ್ರಶ್ನೆ, ಆಲ್ದೂರಿನಿಂದ:
ಹಳೇ ತೊಟ್ಟಿಮನೆ. ಒಂದೂವರೆ ಅಡಿ ಗೋಡೆ, ಹೆಂಚಿನ ಮಾಡು. ಹಿಂದುಗಡೆ ಆರ್‌ಸಿಸಿ ರೂಮು ಎರಡಿವೆ. ಕಣದ ಆಚೆ 60 ಮೀಟರ್ ದೂರದ ಗೋಡೌನಿಗೆ ಎರಡು ಕ್ಯಾಮೆರಾ ಹಾಕಬೇಕು. ಫೈಬರ್ ಕನೆಕ್ಷನ್ 100 ಎಂಬಿಪಿಎಸ್, ಮೋಡೆಮ್ ಜಗಲಿಯಲ್ಲಿದೆ. ಅಡುಗೆಮನೆಗೆ ಸಿಗ್ನಲ್ಲೇ ಬರಲ್ಲ. ಅಂಗಡಿಯವರು ಮೂರು ಡಬ್ಬದ ಮೆಶ್ (ಒಂದರಿಂದ ಒಂದಕ್ಕೆ ಗಾಳಿಯಲ್ಲೇ ಸಿಗ್ನಲ್ ದಾಟಿಸೋ ವೈಫೈ ಡಬ್ಬಗಳು) ತಗೊಳ್ಳಿ ಅಂತಾರೆ. ಗೊತ್ತಿದ್ದವರು ತಿಳಿಸಿ.

ಚಿಕ್ಕಮಗಳೂರಿನಿಂದ:
ಈ ಮನೆಗೆ ಮೆಶ್ ಬೇಡ. ಎರಡನೇ ಡಬ್ಬಕ್ಕೂ ಸಿಗ್ನಲ್ ಅದೇ ಗೋಡೆ ತೂರಿ ಬರಬೇಕಲ್ಲ? ಬಂದಷ್ಟನ್ನೇ ಅದು ಮುಂದಕ್ಕೆ ದಾಟಿಸೋದು. ಕೇಳೋದೂ ಹೇಳೋದೂ ಒಂದೇ ರೇಡಿಯೋ ಆದರೆ ವೇಗ ಅರ್ಧಕ್ಕಿಳಿಯುತ್ತೆ. ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ (ಎಪಿ, ಅಂದರೆ ಕೇಬಲ್ಲಿನಿಂದ ಬಂದ ನೆಟ್ಟನ್ನು ವೈಫೈ ಮಾಡಿ ಹರಡೋ ಡಬ್ಬ) ಹಾಕಿ.

ತೊಟ್ಟಿಮನೆಯಲ್ಲಿ ಒಂದು ಅನುಕೂಲ ಇದೆ, ಬಹಳ ಜನ ಬಿಟ್ಟುಬಿಡ್ತಾರೆ. ತೊಟ್ಟಿಯ ಸುತ್ತಲಿನ ಪಡಸಾಲೆಯಲ್ಲಿ, ಅಂಗಳದ ಕಡೆಗೆ ಒಂದು ಎಪಿ ಕೂರಿಸಿದರೆ ಸಿಗ್ನಲ್ ಬಯಲಲ್ಲಿ ಹಾದು ನಾಲ್ಕೂ ಕಡೆಯ ಬಾಗಿಲು, ಕಿಟಕಿಗಳಿಂದ ಒಳಗೆ ಹೋಗುತ್ತೆ. ಮಳೆಯ ಎರಚಲು ತಾಗದಷ್ಟು ಒಳಗಿರಲಿ. ಅಟ್ಟದ ಮೇಲಿಡಬೇಡಿ, ಎಲ್ಲಾದರೂ ತಗಡು ಹೊದಿಸಿದ್ದರೆ ಅದರ ಕೆಳಗೇ ಇರಬೇಕು. ಆರ್‌ಸಿಸಿ ರೂಮುಗಳಿಗೆ ಇನ್ನೊಂದು.

ಕೊಳ್ಳೋ ಮುಂಚೆ ಪರೀಕ್ಷೆ ಮಾಡಿ. ಯಾವುದಾದರೂ ಹಳೇ ರೂಟರನ್ನು ಎಕ್ಸ್‌ಟೆನ್ಷನ್ ವೈರಲ್ಲಿ ಆ ಜಾಗಕ್ಕೆ ಒಯ್ದು ಆನ್ ಮಾಡಿ. ಇಂಟರ್‌ನೆಟ್ ಬೇಕಿಲ್ಲ. ಫೋನಲ್ಲಿ ವೈಫೈ ಅನಲೈಸರ್ ಆ್ಯಪ್ ತೆರೆದು ಪ್ರತಿ ರೂಮಲ್ಲೂ ನೋಡಿ. 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೇದು) ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ವಿಡಿಯೋ ಕಾಲ್ ಸಲೀಸು. ಮೈನಸ್ 75ಕ್ಕಿಂತ ಕೆಳಗಿಳಿದರೆ ಜಾಗ ಬದಲಿಸಿ.

ಹಾಸನದಿಂದ:
ಮೇಲಿನವರು ಜಾಗ ಸರಿಯಾಗಿ ಹೇಳಿದ್ದಾರೆ, ಡಬ್ಬದ ಮಾತು ನಾನು ಸೇರಿಸ್ತೀನಿ. 100 ಎಂಬಿಪಿಎಸ್‌ಗೆ ಹೊಸ ತಲೆಮಾರಿನ ವೈಫೈ 7 ದುಡ್ಡು ದಂಡ. ಎರಡು ಬ್ಯಾಂಡಿನ (2.4, 5 ಗಿಗಾಹರ್ಟ್ಸ್) ಸಾಧಾರಣ ವೈಫೈ 6 ಸಾಕೇ ಸಾಕು. ಎಪಿಗಳಲ್ಲಿ ಟಿಪಿ-ಲಿಂಕ್ ಒಮಾಡಾ, ಯೂನಿಫೈ ಎರಡೂ ನಡೆಯುತ್ತೆ. ಕಲಬೆರಕೆ ಮಾಡದೆ ಒಂದೇ ಕಂಪನಿಯದ್ದು ಹಾಕಿ.

ಕರೆಂಟು ನೆಟ್‌ವರ್ಕ್ ಕೇಬಲ್ಲಿನಲ್ಲೇ ಹೋಗಲಿ, ಅಂದರೆ ಪಿಓಇ ಸ್ವಿಚ್ ತಗೊಳ್ಳಿ. ಪಿಓಇಯಲ್ಲಿ ಎರಡು ದರ್ಜೆ ನೋಡಿ: 802.3ಎಎಫ್ ಪೋರ್ಟು 15.4 ವ್ಯಾಟ್ ಕೊಡುತ್ತೆ, 802.3ಎಟಿ 30 ವ್ಯಾಟ್. ಎಪಿಗೆ ಯಾವುದು ಬೇಕು ಅಂತ ಪೆಟ್ಟಿಗೆ ಮೇಲೆ ಓದಿ. ಸೆಕೆಂಡ್ ಹ್ಯಾಂಡ್ ಹಳೇ ಮಾಡೆಲ್‌ಗಳಲ್ಲಿ ಕೆಲವು 24 ವೋಲ್ಟ್ ಪ್ಯಾಸಿವ್ (ಈ ದರ್ಜೆಗಳಿಗೆ ಸೇರದ ಹಳೇ ಪಿಓಇ), ಈಗಿನ ಸ್ವಿಚ್ಚಿಗೆ ಅವು ಏಳೋದೇ ಇಲ್ಲ.

ಮೋಸ ಆಗೋದು ಕೇಬಲ್ಲಿನಲ್ಲಿ. ಕ್ಯಾಟ್ 6 (ನೆಟ್‌ವರ್ಕ್ ಕೇಬಲ್ಲಿನ ದರ್ಜೆ) ಅಂತ ಬರೆದಿರುತ್ತೆ, ಒಳಗೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬ್ಲೇಡಿನಿಂದ ಎಳೆಯೊಂದನ್ನು ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದರ ರೆಸಿಸ್ಟೆನ್ಸ್ ಜಾಸ್ತಿ, ಉದ್ದಕ್ಕೆ ಎಳೆದಾಗ ವೋಲ್ಟೇಜ್ ಬೀಳುತ್ತೆ. ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ರೀಸ್ಟಾರ್ಟ್ ಆಗ್ತಾ ಇದ್ದರೆ ಮೊದಲು ಇದನ್ನೇ ಅನುಮಾನಿಸಿ.

ಸಕಲೇಶಪುರದಿಂದ:
ಗೋಡೌನಿಗೆ ಮಾತ್ರ ತಾಮ್ರದ ಕೇಬಲ್ ಎಳೆಯಬೇಡಿ. ಲೆಕ್ಕದ ಪ್ರಕಾರ 100 ಮೀಟರ್‌ವರೆಗೂ ಓಡುತ್ತೆ, ನಿಜ. ಆದರೆ ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಹೊಡೆದರೂ ಎರಡು ಕಟ್ಟಡದ ನೆಲದ ವೋಲ್ಟೇಜ್ ಬೇರೆ ಬೇರೆ ಆಗಿ, ಆ ತಂತಿಯಲ್ಲೇ ಹರಿದು ಎರಡೂ ಕಡೆ ಪೋರ್ಟು ಸುಟ್ಟುಹಾಕುತ್ತೆ.

ಫೈಬರ್ ಹಾಕಿ. ಹೊರಗಡೆ ಬಳಸುವ ಸಿಂಗಲ್ ಮೋಡ್ ಕೇಬಲ್, ನಾಲ್ಕು ಕೋರಿಂದು (ಒಳಗೆ ನಾಲ್ಕು ಗಾಜಿನ ಎಳೆ); ಒಂದು ಹೋದರೆ ಇನ್ನೊಂದಿರುತ್ತೆ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿಗೆ ಬದಲಿಸೋ ಡಬ್ಬ). ಒಂದೇ ಕೋರಲ್ಲಿ ಓಡೋ ಜಾತಿಯಾದರೆ ಒಂದು ಎ, ಒಂದು ಬಿ ಇರಲೇಬೇಕು. ಎರಡೂ ಎ ತಂದರೆ ಲಿಂಕ್ ದೀಪ ಹತ್ತಲ್ಲ. ಕೇಬಲ್ಲನ್ನು ಎಚ್‌ಡಿಪಿಇ ಪೈಪಿನೊಳಗೆ ಹೂಳಿ, ಇಲ್ಲದಿದ್ದರೆ ಹೆಗ್ಗಣದ ಪಾಲು. ಗುದ್ದಲಿ ಬೀಳುವ ಕಡೆ ಇನ್ನಷ್ಟು ಆಳಕ್ಕೆ ಇಳಿಸಿ. ತಂದದ್ದು ಡ್ರಾಪ್ ಕೇಬಲ್ (ಮನೆಗೆ ಎಳೆಯೋ ತೆಳು ಫೈಬರ್) ಆಗಿ, ಅದರಲ್ಲಿ ಸ್ಟೀಲ್ ತಂತಿ ಇದ್ದರೆ ಅದನ್ನು ಕಟ್ಟಡದ ಹೊರಗೇ ಕತ್ತರಿಸಿ, ಇಲ್ಲವಾದರೆ ಸಿಡಿಲಿನ ಕರೆಂಟು ಅದರಲ್ಲೇ ಹರಿದು ಫೈಬರ್ ಹಾಕಿದ ಪ್ರಯೋಜನವೇ ಹೋಯ್ತು. ಜೋಡಣೆಯನ್ನು ನಿಮ್ಮ ಇಂಟರ್‌ನೆಟ್ ಕನೆಕ್ಷನ್ ಕೊಟ್ಟ ಹುಡುಗರ ಹತ್ತಿರ ಸ್ಪ್ಲೈಸಿಂಗ್ ಮೆಷಿನ್‌ನಲ್ಲೇ (ಗಾಜಿನ ಎಳೆ ಬೆಸೆಯೋ ಯಂತ್ರ) ಮಾಡಿಸಿ.

ಆಲ್ದೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಹಳೇ ರೂಟರ್ ಒಂದಿದೆ, ಅದನ್ನೇ ಆರ್‌ಸಿಸಿ ರೂಮಿಗೆ ಹಾಕಬಹುದಾ? ಕರೆಂಟು ಹೋದಾಗ?

ಮೂಡಿಗೆರೆಯಿಂದ:
ಹಾಕಬಹುದು ಸರ್. ಮೋಡೆಮಿನ ಐಪಿ ವಿಳಾಸ 192.168.1.1 ಆದರೆ ರೂಟರಿಗೆ 192.168.1.2 ಕೊಡಿ, ರೂಟರಿನ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚೋ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಇಂಟರ್‌ನೆಟ್ ಒಳಬರೋ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಎರಡು ಕಡೆ ಆನ್ ಇದ್ದರೆ ‘ಒಮ್ಮೊಮ್ಮೆ ನೆಟ್ ಬರುತ್ತೆ, ಒಮ್ಮೊಮ್ಮೆ ಇಲ್ಲ’ ಅನ್ನೋ ಕಾಟ ಶುರು.

ಹೆಸರು, ಪಾಸ್‌ವರ್ಡ್ ಎಲ್ಲದಕ್ಕೂ ಒಂದೇ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11 ಹಂಚಿ, ಅಗಲ 20 ಮೆಗಾಹರ್ಟ್ಸ್ ಸಾಕು, ಪವರ್ ಕಡಿಮೆ ಮಾಡಿ. ಎಲ್ಲ ಪೂರ್ತಿ ಪವರಲ್ಲಿ ಕೂಗ್ತಾ ಇದ್ದರೆ ಫೋನು ದೂರದ್ದನ್ನೇ ಹಿಡಿದು ಬಿಡಲ್ಲ. ಕ್ಯಾಮೆರಾ ವೈಫೈದಾದರೆ ವೈಫೈ ಸೆಕ್ಯೂರಿಟಿ ಸೆಟ್ಟಿಂಗ್ ಡಬ್ಲ್ಯುಪಿಎ 2 ಇರಲಿ.

ಮೋಡೆಮಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು, ಅಡಾಪ್ಟರ್ ಮೇಲಿನ ಆಂಪಿಯರ್ ನೋಡಿ ತಗೊಳ್ಳಿ. ಪಿಓಇ ಸ್ವಿಚ್ ಸಾಮಾನ್ಯವಾಗಿ 48 ವೋಲ್ಟಿನ ಮೇಲೆ ಓಡೋದು, ಅದು ಮನೆಯ ಇನ್ವರ್ಟರ್ ಲೈನಿಗೇ ಬರಬೇಕು. ಗೋಡೌನಿನ ಕನ್ವರ್ಟರಿಗೂ ಅಲ್ಲೇ ಒಂದು ಯುಪಿಎಸ್ ಇಡಿ. ಫೈಬರಿನಲ್ಲಿ ಕರೆಂಟು ಹೋಗಲ್ಲ.