ಅಪ್‌ಡೇಟ್: ಹಳದಿಯಾಗುತ್ತಿದ್ದ ಡಾರ್ವಿನ್ ಬಾರ್ಬೆರಿ ಚಿಗುರಿದೆ

ನಿತ್ಯಹಸಿರಿನ ಮುಳ್ಳುಪೊದೆ ಡಾರ್ವಿನ್ ಬಾರ್ಬೆರಿಯ ಎಲೆಗಳು ಹಳದಿಯಾಗಿ ಉದುರುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಗಿಡ ಈಗ ಚೇತರಿಸಿಕೊಳ್ಳುತ್ತಿದೆ.

ಫಲ ಕೊಟ್ಟಿದ್ದು "ಬುಡ ಅಗೆದು ನೋಡಿ" ಅಂದವರ ಸಲಹೆ. ಮೇಲೆ ಮಣ್ಣು ಒಣಗಿತ್ತು. ಆದರೆ ಗೇಣು ಆಳದಲ್ಲಿ ಜೇಡಿಮಣ್ಣು ಅಂಟಂಟಾಗಿತ್ತು, ಕೊಳೆತ ವಾಸನೆ ಬೇರೆ. ಈ ಗಿಡ ಹೆಚ್ಚುಕಮ್ಮಿ ಎಲ್ಲ ಮಣ್ಣಿಗೂ ಹೊಂದಿಕೊಳ್ಳುತ್ತದೆ, ಬೇರಿನ ಹತ್ತಿರ ನೀರು ನಿಂತರೆ ಮಾತ್ರ ಸಹಿಸುವುದಿಲ್ಲ. ಬುಡದ ಮಣ್ಣಿನ ಸಮೇತ ಎತ್ತಿ, ದಿಬ್ಬ ಮಾಡಿ ನೆಟ್ಟೆ. ಈಗ ತುದಿಗಳಲ್ಲಿ ಮಿರುಗುವ ಎಳೆ ಚಿಗುರು! ಹಳದಿಯಾಗಿದ್ದ ಹಳೇ ಎಲೆಗಳು ಮತ್ತೆ ಹಸಿರಾಗಲಿಲ್ಲ, ಉದುರಿಹೋದವು.

ಕಬ್ಬಿಣಾಂಶದ ದ್ರಾವಣ ಸಿಂಪಡಿಸಿದ್ದು ಸುಮ್ನೆ ದಂಡ. ಪೂರ್ತಿ ಕತ್ತರಿಸಿ ಅಂದವರ ಮಾತು ಕೇಳಲಿಲ್ಲ. ಕಿತ್ತಳೆ ಬಣ್ಣದ ಹೂ ಬಿಡುವುದು ಹಿಂದಿನ ವರ್ಷದ ಕೊಂಬೆಗಳಲ್ಲಿ ಅಲ್ವಾ? ಹೂ ಮುಗಿದ ಮೇಲೇ ಕತ್ತರಿ.

ಇನ್ನೊಂದು ವಿಷಯ. ಮುರಿದ ಬೇರಿನ ಒಳಗೆ ಅರಿಶಿನದಷ್ಟು ಹಳದಿ! ರೋಗವೇನೋ ಅಂತ ಗಾಬರಿಯಾದೆ. ಬರ್ಬೆರಿನ್ ಅನ್ನುವ ಅಂಶದಿಂದ ಬಾರ್ಬೆರಿಗಳ ಬೇರು ಹಾಗೇ ಇರುತ್ತದಂತೆ.

ಅಗೆಯುವಾಗ ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಬಟ್ಟೆಯದ್ದು ಈ ಮುಳ್ಳಿಗೆ ಯಾವ ಲೆಕ್ಕ!